ತುಂಬಿದ ದಿನಕ್ಕೆ ಹುಟ್ಟಿದವಳು

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಈಗಲೂ ನಾನು ಸಹಿ ಹಾಕಿದರೆ ತಾಂಡೂರಿನ ಬ್ಯಾಂಕಿನವರು ಒಮ್ಮೆ ಚೀಟಿಯನ್ನು, ಒಮ್ಮೆ ನನ್ನನ್ನು ನೋಡುತ್ತಾರೆ. ನಾರಾಯಣಖೇಡದ ಶಾಲೆಯಲ್ಲಿ ಎಲ್ಲರೂ ಬರೆದು ಮುಗಿಸಿದಾಗ ನಾನಿನ್ನೂ ಎರಡನೆಯ ಪ್ರಶ್ನೆಯಲ್ಲಿರುತ್ತಿದ್ದೆ. ಉತ್ತರ ಬಾಯಲ್ಲಿತ್ತು, ಕೈಗೆ ಇಳಿಯುತ್ತಿರಲಿಲ್ಲ. ಅಂಗಿಯ ಗುಂಡಿಯೂ ಅಷ್ಟೇ, ಜಡೆಯೂ ಅಷ್ಟೇ. ಜಡೆ ಹೆಣೆಯುತ್ತ ಅವ್ವ ತಲೆಗೊಂದು ಮೊಟಕುತ್ತಿದ್ದಳು. "ಸೋಂಬೇರಿ! ಮನಸ್ಸಿಟ್ಟು ಮಾಡಿದ್ರ ಎಲ್ಲಾ ಬರ್ತದ." ಹೆತ್ತವಳ ಮಾತು, ನಂಬಿದೆ.

ಹತ್ತನೆಯ ತರಗತಿಯಲ್ಲಿ ಟೀಚರಮ್ಮ ಒಬ್ಬರು ನನ್ನನ್ನೂ ಅವ್ವನನ್ನೂ ಬಸ್ಸು ಹತ್ತಿಸಿ ಜಹೀರಾಬಾದಿನ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ನನ್ನ ಕೈಯಿಂದ ಮಣಿ ಪೋಣಿಸಿಸಿ ನೋಡಿದರು, ಗೆರೆ ಎಳೆಸಿ ನೋಡಿದರು. ಆಮೇಲೆ ಅವ್ವನತ್ತ ತಿರುಗಿದರು.

"ದಿನಾ ತುಂಬಾಕ ಮೊದಲೇ ಹುಟ್ಟಿದ ಕೆಲವು ಮಕ್ಕಳಿಗಿ ಹಿಂಗ ಆಗ್ತದಮ್ಮ. ಈಕಿ ಹಂಗ ಹುಟ್ಯಾಳೇನು? ಹೌದಂದ್ರ ಪರೀಕ್ಷಾದಾಗ ಟೈಮ್ ಜಾಸ್ತಿ ಕೊಡ್ರಿ ಅಂತ ಬರ್ದು ಕೊಡ್ತೀನಿ."

ಮನೆಯಲ್ಲೇ ಆದ ಹೆರಿಗೆ. ಅವ್ವನ ಮಾತೇ ಆಧಾರ.

"ಇಲ್ಲರಿ, ತುಂಬಿದ ದಿನಕ್ಕೇ ಹುಟ್ಯಾಳ. ಬರೇ ಸೋಂಬೇರಿ ಅದಾಳ್ರಿ."

ಟೀಚರಮ್ಮನ ಮುಖ ಸಪ್ಪಗಾಯಿತು. ನನಗೆ ನಾಚಿಕೆಯಾಯಿತು. ಪರೀಕ್ಷೆಯಲ್ಲಿ ಗೊತ್ತಿದ್ದ ಉತ್ತರಗಳನ್ನೇ ಬಿಟ್ಟು ಎದ್ದು ಬಂದೆ. ಫೇಲಾದೆ. ಓದು ಅಲ್ಲಿಗೆ ನಿಂತಿತು, ಮದುವೆಯಾಯಿತು.

ಕಳೆದ ವರ್ಷ ತವರಿನಲ್ಲಿ ತಂಗಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ನೋಡಲು ಹೋದೆ. ತೊಟ್ಟಿಲ ಶಾಸ್ತ್ರ ಯಾವಾಗ ಎಂದು ಕೇಳಿದ್ದಕ್ಕೆ ಆಯಿ, ಅಪ್ಪನ ತಾಯಿ, ನಕ್ಕಳು.

"ಅವಸರ ಯಾಕ? ನಮ್ಮ ಮನ್ಯಾಗ ಒಂಬತ್ತು ತಿಂಗಳು ತುಂಬೋತನಾ ಕೂಸು ಹುಟ್ಟ್ಯಾದಂತ ಊರಿಗಿ ಹೇಳಂಗಿಲ್ಲ. ನಿನಗೂ ಹಂಗೇ ಮಾಡೀವಿ. ಏಳು ತಿಂಗಳಿಗೇ ಬಂದಿದ್ದಿ, ಕುರಿಮರಿಗಿಂತ ಸಣ್ಣಕಿ! ಕಂಬಳ್ಯಾಗ ಮುಚ್ಚಿಟ್ಟು ಜ್ವಾಪಾನ ಮಾಡೀವಿ. ದಿನಾ ತುಂಬಿದ ಮ್ಯಾಲೇ ಹುಟ್ಟ್ಯಾಳಂತ ಹೇಳೀವಿ."

ಆಯಿಗೆ ಹೆಮ್ಮೆ. ಅವ್ವನನ್ನು ನೋಡಿದೆ. ಅವಳು ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ.

"ಡಾಕ್ಟರ್ ಕೇಳಿದಾಗ ಯಾಕ ಹೇಳಿಲ್ಲವ್ವ?"

"ಏಳು ತಿಂಗಳಿನಕಿ ಅಂತ ಗೊತ್ತಾದ್ರ ನಿನ್ನ ಯಾರ್ ಮಾಡ್ಕೋತಿದ್ರು?"

"ನನಗರ ಹೇಳಬೇಕಿತ್ತಲ್ಲ?"

"ನಿನಗ ಹೇಳಿದ್ರ ನೀ ಟೀಚರಮ್ಮಗ ಹೇಳ್ತಿದ್ದಿ."

ಹೌದು, ಹೇಳುತ್ತಿದ್ದೆ. ಊರಿನ ಬಾಯಿಗೆ ಹೆದರಿ ನನ್ನವ್ವ ನನ್ನ ಓದನ್ನು ಬಲಿಕೊಟ್ಟಿದ್ದಳು. ಒಳಗೆ ತಂಗಿಯ ಮಗ್ಗುಲಲ್ಲಿ ಕೂಸು ಮಲಗಿತ್ತು. ಹೆಣ್ಣು ಕೂಸು.

ಎದ್ದು ಅಂಗಳಕ್ಕೆ ಬಂದೆ. ಪಕ್ಕದ ಮನೆಯ ಅತ್ತೆ ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುತ್ತಿದ್ದರು.

"ಅತ್ತಿ, ನಮ್ಮ ತಂಗಿ ಹಡದಾಳ್ರಿ. ಹೆಣ್ಣು. ಏಳು ತಿಂಗಳಿಗೇ ಹಡದಾಳ."

ಒಳಗಿನಿಂದ ಅವ್ವ ಚೀರಿದಳು. ನಾನು ಇನ್ನೊಮ್ಮೆ, ಇನ್ನೂ ಜೋರಾಗಿ ಹೇಳಿದೆ.