ಟೈಲರಕ್ಕನ ರೆಕಾರ್ಡಿಂಗ್

ಹಾಡು ಕೇಳಲು ಹೊರಟರೆ ಟೈಲರಕ್ಕನ ಎರಡೂ ಕೈಗಳ ಮುಂಗೈಗೆ ರವಿಕೆ ಬಟ್ಟೆಯ ಚೂರು ಸುತ್ತಿರುತ್ತಿತ್ತು. ಗಾಜಿನ ಬಳೆ ಸದ್ದು ಮಾಡಬಾರದು, ಮುತ್ತೈದೆ ಬಳೆ ಬಿಚ್ಚಲೂಬಾರದು, ಅದಕ್ಕೆ ಅವರೇ ಕಂಡುಕೊಂಡ ಉಪಾಯ. ಪಾಪ, ಕೈ ಮುರಿದುಕೊಂಡಿದ್ದಾರೆ ಎಂದು ಜನ ಮುಂದಿನ ಸಾಲಿನಲ್ಲಿ ಜಾಗ ಬಿಟ್ಟುಕೊಡುತ್ತಿದ್ದರು. ಅಲ್ಲಿ ಕೂತು, ಸೋಪಿನಷ್ಟು ದೊಡ್ಡ ರೆಕಾರ್ಡರನ್ನು ಎದೆಯ ಮಟ್ಟಕ್ಕೆ ಹಿಡಿದರೆ ಒಂದೂವರೆ ಗಂಟೆ ಕದಲುತ್ತಿರಲಿಲ್ಲ. ಚಪ್ಪಾಳೆಯನ್ನೂ ತಟ್ಟುತ್ತಿರಲಿಲ್ಲ.

ಕನಕಪುರದಲ್ಲಿ ನನ್ನ ಝೆರಾಕ್ಸ್ ಅಂಗಡಿಯ ಪಕ್ಕದ್ದೇ ಅವರ ಹೊಲಿಗೆ ಅಂಗಡಿ. ಊರಿಗೆಲ್ಲ ಅವರು ಟೈಲರಕ್ಕ. ಅವರು ಬೆನ್ನು ಹತ್ತಿದ್ದು ಒಬ್ಬ ಹಿರಿಯ ಗಾಯಕರನ್ನು. ನಮ್ಮ ಸೀಮೆಯ ಜನಪದ ಹಾಡುಗಳನ್ನು ಡ್ರಮ್ಮು, ಕರೆಂಟ್ ಗಿಟಾರುಗಳ ಜೊತೆ ಹಾಡಿ ಒಂದು ಕಾಲಕ್ಕೆ ಕಾಲೇಜು ಹುಡುಗರನ್ನೆಲ್ಲ ಕುಣಿಸಿದವರು. ವಯಸ್ಸಾದ ಮೇಲೆ ವಾದ್ಯದವರನ್ನೆಲ್ಲ ಬಿಟ್ಟು, ಒಂದೇ ಒಂದು ಮರದ ಗಿಟಾರು ಹಿಡಿದು ಶಾಲೆ, ಸಮುದಾಯ ಭವನಗಳಲ್ಲಿ ಹಾಡತೊಡಗಿದ್ದರು. ಆ ಹಾಡುಗಾರಿಕೆಯನ್ನು ಯಾವ ಕಂಪನಿಯೂ ಹಿಡಿದಿಡಲಿಲ್ಲ. ಟೈಲರಕ್ಕ ಹಿಡಿದಿಟ್ಟರು. ಗಾಯಕರ ಅನುಮತಿ ಕೇಳಿಯೇ ಶುರು ಮಾಡಿದ್ದು. ಮೊದಲು ಡ್ರಮ್ಮಿನ ಗಲಾಟೆಯಲ್ಲಿ ಪದವೇ ಕಿವಿಗೆ ಬೀಳುತ್ತಿರಲಿಲ್ಲ, ಈಗ ಅವರು ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ ಎಂದು ಟೈಲರಕ್ಕ ಹೇಳುತ್ತಿದ್ದರು. ಚನ್ನಪಟ್ಟಣ, ಹಾರೋಹಳ್ಳಿ, ಸೋಲೂರು, ಎಲ್ಲಿ ಹಾಡಿದರೂ ಇವರು ಹಾಜರು. ಮದುವೆ ಸೀಸನ್ನಿನಲ್ಲೂ ಅಂಗಡಿಗೆ ಬೀಗ ಜಡಿದು ಹೊರಟುಬಿಡುತ್ತಿದ್ದರು. ರವಿಕೆ ಕೊಟ್ಟ ಹೆಂಗಸರು ನನ್ನ ಅಂಗಡಿ ಮುಂದೆ ನಿಂತು ಅವರನ್ನು ಬೈದು ಹೋಗುತ್ತಿದ್ದರು.

ರೆಕಾರ್ಡಿಂಗುಗಳನ್ನು ಕಂಪ್ಯೂಟರಿಗೆ ಹಾಕಿಕೊಡುವ ಕೆಲಸ ನನ್ನದು. ಒಮ್ಮೆ ತಿಪ್ಪಸಂದ್ರದ ಶಾಲೆಯ ಜಗಲಿಯಲ್ಲಿ ಗಾಯಕರು ಹಾಡಿದ್ದರ ಮೆಮೊರಿ ಕಾರ್ಡನ್ನು ಟೈಲರಕ್ಕ ಎರಡು ತಿಂಗಳು ತಡವಾಗಿ ಕೊಟ್ಟರು. ಕೇಳುತ್ತಾ ಹೋದೆ. ನಡುವೆ ಗಿಟಾರಿನ ತಂತಿ ಫಟ್ಟೆಂದು ಕಿತ್ತುಹೋಯಿತು. ಆಮೇಲೆ ಗುಜುಗುಜು, ಕೆಮ್ಮು, ಯಾರೋ ಮುದುಕಿಯ ಒಡಕು ದನಿ, ಗಿಟಾರಿಲ್ಲದೆ ಗಾಯಕರ ಗುನುಗು. ನಾಲ್ಕು ನಿಮಿಷ ಹೀಗೇ. ಆಗಷ್ಟೇ ಸೌಂಡ್ ಎಡಿಟಿಂಗ್ ಕಲಿತ ಹುಮ್ಮಸ್ಸು ನನಗೆ. ಆ ನಾಲ್ಕು ನಿಮಿಷವನ್ನು ಕತ್ತರಿಸಿ, ಹಾಡಿನ ಎರಡು ತುದಿಗಳನ್ನು ಗೊತ್ತೇ ಆಗದ ಹಾಗೆ ಜೋಡಿಸಿ, ಹಳೆಯದರ ಮೇಲೇ ಸೇವ್ ಮಾಡಿದೆ. ಮುಂದಿನ ಕಾರ್ಯಕ್ರಮಕ್ಕೆ ಬೇಕಾಗುತ್ತದೆಂದು ಕಾರ್ಡನ್ನೂ ಪೂರ್ತಿ ಅಳಿಸಿಕೊಟ್ಟೆ. ಹೊಗಳುತ್ತಾರೆಂದು ಕಾದಿದ್ದೆ.

ಟೈಲರಕ್ಕ ಹೊಲಿಯುತ್ತಲೇ ಕೇಳಿಸಿಕೊಂಡರು. ಆ ಹಾಡು ಬಂದಾಗ ಪೆಡಲಿನ ಮೇಲಿನ ಕಾಲು ನಿಂತಿತು. ಅಲ್ಲಿ ಕುರಿ ಸಾಕುವವರ ಮನೆಯ ಅಜ್ಜಿಯೊಬ್ಬಳು ಎದ್ದು, ಗಾಯಕರಿಗೇ ಗೊತ್ತಿಲ್ಲದ, ಆ ಹಾಡಿನ ಒಂದು ನುಡಿ ಹೇಳಿಕೊಟ್ಟಿದ್ದಳಂತೆ. ಗಂಡನ ಮನೆಗೆ ಹೊರಟ ಹೆಣ್ಣು, ಹಿಂದೆಯೇ ಬರುವ ಕುರಿಮರಿಗೆ ವಾಪಸು ಹೋಗು ಎಂದು ಹೇಳುವ ನುಡಿ. ನಾನು ಗಲಾಟೆ ಎಂದು ಬಿಸಾಡಿದ್ದು ಅದನ್ನೇ. ಅವರು ಬೈಯಲಿಲ್ಲ.

"ಅಳತೆ ತಗೊಂಡ್ರೆ ಇದ್ದಂಗೇ ಬರ್ಕೋಬೇಕು ಕಣಪ್ಪ," ಎಂದರು. "ಸೊಂಟ ದಪ್ಪ ಐತೆ ಅಂತ ನಾವೇ ಎರಡಿಂಚು ಕಮ್ಮಿ ಬರ್ಕೊಂಡ್ರೆ, ಆ ರವಿಕೆ ಯಾರ್ಗಾಯ್ತದೆ?"

ಅಜ್ಜಿಯಿಂದ ಇನ್ನೊಮ್ಮೆ ಹಾಡಿಸಿಕೊಂಡರಾಯಿತು ಎಂದು ಆ ಭಾನುವಾರವೇ ರಾಮನಗರ, ಮಾಗಡಿ ಎಂದು ಎರಡು ಕಡೆ ಬಸ್ಸು ಬದಲಿಸಿ ಇಬ್ಬರೂ ತಿಪ್ಪಸಂದ್ರಕ್ಕೆ ಹೋದೆವು. ಅಜ್ಜಿ ತೀರಿಕೊಂಡು ತಿಂಗಳಾಗಿತ್ತು. ಮಗಳು ನೀರು ಕೊಟ್ಟು ಕೂರಿಸಿದಳು. ಆ ನುಡಿ ಅವಳಿಗೆ ಬರುತ್ತಿರಲಿಲ್ಲ.

"ಅದು ಅವ್ವಂಗೆ ಮಾತ್ರ ಬತ್ತಿತ್ತು," ಎಂದಳು. ಆಮೇಲೆ ಆಸೆಯಿಂದ ಟೈಲರಕ್ಕನ ಮುಖ ನೋಡಿ, "ಅವತ್ತು ನೀವು ಹಿಡ್ಕಂಡಿದ್ರಲ್ಲ, ಅದ್ರಲ್ಲಿ ಅವ್ವನ ದನಿ ಐತಲ್ವಾ?"

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಹೆಸರು ಹೇಳಿ ಪಾರಾಗಬಹುದಿತ್ತು ಟೈಲರಕ್ಕ. ಹೇಳಲಿಲ್ಲ. "ನಮ್ ಕಡೆಯಿಂದ ತಪ್ಪಾಗೈತೆ ಕಣವ್ವ, ಹುಡ್ಕಿ ತಂದ್ಕೊಡ್ತೀವಿ," ಎಂದರು. ಅಲ್ಲಿಂದ ಮನೆ ಮನೆ ತಿರುಗಿದೆವು. ಅವತ್ತು ಯಾರ ಕೈಯಲ್ಲಿ ಫೋನಿತ್ತು, ಯಾರು ವಿಡಿಯೋ ಮಾಡಿದ್ದರು ಎಂದು ಕೇಳುವುದೇ ಕೆಲಸ. ಮೇಷ್ಟ್ರ ಹತ್ತಿರ ಫೋಟೋ ಮಾತ್ರ ಇದ್ದವು. ಎರಡನೇ ಭಾನುವಾರವೂ ಬರಿಗೈ. ಮೂರನೇ ಭಾನುವಾರ ಹಾಲಿನ ಡೈರಿಯ ಕಾರ್ಯದರ್ಶಿ ಸಂಕೋಚದಿಂದ ಫೋನು ತೆಗೆದರು. ವಿಡಿಯೋ ಉದ್ದಕ್ಕೂ ಅವರದೇ ಹೆಬ್ಬೆರಳು ಕ್ಯಾಮೆರಾಕ್ಕೆ ಅಡ್ಡ ಬಂದು ಚಿತ್ರವೆಲ್ಲ ಕಪ್ಪು. ದನಿ ಮಾತ್ರ ಸ್ವಚ್ಛ. ತಂತಿ ಕಿತ್ತಿತು, ಜನ ಗುಜುಗುಟ್ಟಿದರು, ಅಜ್ಜಿ ಹಾಡಿದಳು, ಗಾಯಕರು ಅವಳ ಹಿಂದೆ ಮಗುವಿನ ಹಾಗೆ ತಡವರಿಸುತ್ತಾ ಹೇಳಿದರು.

ಅದನ್ನು ಮಗಳಿಗೆ ಕೇಳಿಸಿದೆವು. ಅವಳು ಫೋನನ್ನು ಎರಡೂ ಕೈಯಲ್ಲಿ ಕಿವಿಗೊತ್ತಿಕೊಂಡು ಮೂರು ಸಲ ಕೇಳಿದಳು. ಟೈಲರಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದರು. ನನ್ನ ಕಣ್ಣಲ್ಲೂ ನೀರು ಬಂತು, ನಾಚಿಕೆಯದೂ ಇರಬೇಕು.

ಆ ನುಡಿಯನ್ನು ಗಾಯಕರಿಗೂ ಕಳಿಸಿದೆವು. ಮುಂದೆ ಅವರು ರಾಮನಗರದಲ್ಲಿ ಹಾಡಿದಾಗ ಆ ಹಾಡನ್ನು ಪೂರ್ತಿಯಾಗಿ ಹಾಡಿ, ಈ ನುಡಿ ತಿಪ್ಪಸಂದ್ರದ ಅಜ್ಜಿಯದು, ಉಳಿಸಿದ್ದು ಕನಕಪುರದ ಒಬ್ಬ ಹೆಣ್ಣುಮಗಳು ಎಂದು ತುಂಬಿದ ಸಭೆಗೆ ಹೇಳಿದರು. ಜನ ಎದ್ದು ನಿಂತರು. ಇವರು ಮಾತ್ರ ರೆಕಾರ್ಡರ್ ಹಿಡಿದು ಕೂತೇ ಇದ್ದರು. ಪಕ್ಕದಲ್ಲಿದ್ದ ನನಗೆ, ಇವರೇ ಕಣ್ರೀ, ನಮ್ಮ ಟೈಲರಕ್ಕ ಎಂದು ಕೂಗಿ ಹೇಳುವ ಹಾಗಾಗಿತ್ತು. ಕೂಗಿದ್ದರೆ ರೆಕಾರ್ಡಿಂಗು ಕೆಡುತ್ತಿತ್ತು, ಅವರು ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಕೊನೆಯ ವರ್ಷ ಕಿಡ್ನಿ ಕೈಕೊಟ್ಟು ಅವರು ಹಾಸಿಗೆ ಹಿಡಿದರು. ಮಾಗಡಿಯಲ್ಲಿ ಗಾಯಕರು ಹಾಡುತ್ತಾರೆ ಎಂದು ಗೊತ್ತಾದಾಗ ರೆಕಾರ್ಡರನ್ನು ನನ್ನ ಕೈಗೆ ಕೊಟ್ಟು ಹೋಗಿ ಬಾ ಎಂದರು. ಹೋದೆ. ಎರಡು ಸಲ ಕೆಮ್ಮಿದೆ, ಒಂದು ಕಡೆ ಅರಿವಿಲ್ಲದೆ ಆಹಾ ಎಂದೂ ಬಿಟ್ಟೆ. ಒಂದು ಸದ್ದನ್ನೂ ಕತ್ತರಿಸದೆ ತಂದು ಕೇಳಿಸಿದೆ. ಕಣ್ಣು ಮುಚ್ಚಿ, ಒಂದೂವರೆ ಗಂಟೆ ಪೂರ್ತಿ ಕೇಳಿದರು.

"ನೀನು ಒಸಿ ಜಾಸ್ತಿ ಕೆಮ್ತೀಯ," ಎಂದರು. ರೆಕಾರ್ಡರನ್ನು ನನ್ನ ಕಡೆಗೇ ತಳ್ಳಿ, "ಸರಿಯಾಗೈತೆ ಕಣಪ್ಪ. ಮುಂದಿನ್ದೂ ನೀನೇ ಹಿಡಿ."

ಆ ವಾರವೇ ಹೋಗಿಬಿಟ್ಟರು. ಅದಾದ ಮೇಲೆ ಗಾಯಕರು ಸೋಲೂರಿನಲ್ಲಿ ಹಾಡಿದರು, ಚನ್ನಪಟ್ಟಣದಲ್ಲಿ ಎರಡು ಸಲ ಹಾಡಿದರು. ಮೂರನ್ನೂ ನಾನೇ ಹಿಡಿದಿದ್ದೇನೆ.