ಮಿಸ್ಸಮ್ಮನ ಕಡೀ ಪಾಳಿ

ನಾರಿನ ಚೀಲವೊಂದು ಅಂಗಳದಲ್ಲೇ ಉಳಿದು ಮಳೆಯಲ್ಲಿ ನೆನೆದು ಬಿದ್ದಿತ್ತು. ಬೆಳಿಗ್ಗೆ ಅದನ್ನು ಹಿಂಡಿ ತಂತಿಗೆ ಹಾಕಬೇಕೆಂದು ಎತ್ತಿಕೊಂಡೆ. ಎತ್ತಿಕೊಂಡವಳು ಅಲ್ಲೇ ನಿಂತುಬಿಟ್ಟೆ. ಹಸಿ ನಾರು, ಒಂದಿಷ್ಟು ಪಾಚಿ, ಒಂದಿಷ್ಟು ಕಬ್ಬಿಣದ ತುಕ್ಕು. ಇದು ಬಾವಿಯ ಹಗ್ಗದ ವಾಸನೆ. ಬಾಗಲಕೋಟೆಯ ಈ ಹೊಸ ಬಡಾವಣೆಯಲ್ಲಿ ನಳ ತಿರುವಿದರೆ ನೀರು ಬರುತ್ತದೆ, ಹಗ್ಗದ ವಾಸನೆ ಬಲ್ಲವಳು ನಮ್ಮ ಮನೆಯಲ್ಲಿ ನಾನೊಬ್ಬಳೇ. ಚೀಲವನ್ನು ಮೂಗಿಗೆ ಹಿಡಿದು ನಿಂತ ನನ್ನನ್ನು ನೋಡಿ ಸೊಸೆ, “ಅತ್ತೀ, ಅದನ್ಯಾಕ ಮೂಸಾಕತ್ತೀರಿ? ಹೂವೇನದು?” ಎಂದಳು. ಪಾತ್ರೆ ತೊಳೆಯುತ್ತಿದ್ದ ಮಲ್ಲವ್ವ ತಲೆ ಬಗ್ಗಿಸಿಕೊಂಡೇ ನಕ್ಕಳು.

ಮಲ್ಲವ್ವ ನಮ್ಮ ಮನೆಗೆಲಸಕ್ಕೆ ಬರುವವಳು. ಮಲಗುವ ಮುಂಚೆ ದಿನದ ಉಪಕಾರಗಳನ್ನು ಬೆರಳ ಮೇಲೆ ಎಣಿಸಿ ದೇವರಿಗೆ ಒಪ್ಪಿಸುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಮೊಣಕಾಲು ಹೆಚ್ಚು ಕಾಡಲಿಲ್ಲ, ಮಲ್ಲವ್ವ ತಪ್ಪಿಸಲಿಲ್ಲ, ಇಂಥವೇ. ದೊಡ್ಡ ಪವಾಡಗಳು ನಮ್ಮಂಥ ಒಲೆ ಮುಂದಿನವರಿಗೆ ಎಲ್ಲಿ ಬರಬೇಕು? ಆ ಮಲ್ಲವ್ವನ ಚಹಾಕ್ಕೆಂದೇ ನಾನು ಪೇಟೆಯಿಂದ ಹೂವಿನ ಚಿತ್ರದ ಹೊಸ ಕಪ್ಪು ತಂದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೇನೆ. ನಮ್ಮ ಕಪ್ಪುಗಳಿಗಿಂತ ಚೆಂದದ್ದು. ಈ ಮಾತು ಇಲ್ಲಿರಲಿ. ಹಗ್ಗದ ವಾಸನೆ ನನ್ನನ್ನು ಎಳೆದುಕೊಂಡು ಹೋದ ಕಡೆಗೆ ನೀವೂ ಸ್ವಲ್ಪ ಬನ್ನಿ.

ಅದು ಐವತ್ತರ ದಶಕ. ನಾನಿನ್ನೂ ಲಂಗ ತೊಟ್ಟು ಸಾಲಿಗೆ ಹೋಗುವ ಹುಡುಗಿ. ಇಳಕಲ್ಲಿನ ಅಂಚಿನಲ್ಲಿ ನಮ್ಮದೊಂದು ಓಣಿ. ಊರವರು ಅದಕ್ಕೆ ಮಿಶನ್ ಓಣಿ ಎನ್ನುತ್ತಿದ್ದರು. ಇದ್ದವರೆಲ್ಲ ನೇಕಾರರೇ. ನಮ್ಮ ಅಜ್ಜನ ಕಾಲಕ್ಕೆ ಯೇಸುಸ್ವಾಮಿಯನ್ನು ನಂಬಿದವರು. ನಂಬಿಕೆ ಬದಲಾದರೂ ಮಗ್ಗದ ಸದ್ದು ಬದಲಾಗಲಿಲ್ಲ, ಉಣ್ಣುವ ರೊಟ್ಟಿ ಬದಲಾಗಲಿಲ್ಲ. ಇನ್ನೂ ಏನೇನು ಬದಲಾಗಿರಲಿಲ್ಲ ಎಂಬುದೇ ಈಗ ಹೇಳುವ ಮಾತು.

ಆ ಓಣಿಯ ತುದಿಯ ಮನೆಯಲ್ಲಿ ಮಿಸ್ಸಮ್ಮ ಇದ್ದರು. ನಮ್ಮ ಕಡೆಗೆ ಬಂದ ಮೊದಮೊದಲ ಮಿಶನರಿಗಳಲ್ಲಿ ಒಬ್ಬರು. ಅವರಿಗಿಂತ ಮುಂಚೆ ಬಂದವರು ಬಾದಾಮಿ, ಹುನಗುಂದದ ಸಂತೆಗಳಲ್ಲಿ ನಿಂತು ಉಪದೇಶ ಮಾಡಿ ಚಕ್ಕಡಿ ಹತ್ತಿ ಹೋಗಿಬಿಡುತ್ತಿದ್ದರಂತೆ. ಇವರು ಮಾತ್ರ ಮನೆ ಹಿಡಿದು ಉಳಿದರು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ ಸಾರವ್ವ, ಆಗಿನ್ನೂ ಹೊಸ ಮದುವಣಗಿತ್ತಿ. ಮಿಸ್ಸಮ್ಮನಿಗೆ ರೊಟ್ಟಿ ಬಡಿಯಲು ಕಲಿಸಿದವಳು ಅವಳೇ, ಕನ್ನಡ ಕಲಿಸಿದವಳೂ ಅವಳೇ. ಅದರಿಂದ ಒಂದು ಚಮತ್ಕಾರವಾಯಿತು. ಆಯಿ ಅವರೊಡನೆ ಯಾವಾಗಲೂ ‘ಬರ್ರಿ, ಕುಂದರ್ರಿ’ ಎಂದೇ ಮಾತನಾಡುತ್ತಿದ್ದಳಲ್ಲ, ಕನ್ನಡವೆಂದರೆ ಹಾಗೆಯೇ ಎಂದು ಅವರು ತಿಳಿದುಬಿಟ್ಟರು. ಕೋಳಿಗೂ “ಬರ್ರಿ, ಕಾಳು ತಿನ್ರಿ” ಎನ್ನುತ್ತಿದ್ದರು. ನಾಯಿಗೂ “ಹೊರಗ ನಡೀರಿ.” ಯಾರೋ ತಿದ್ದಲು ಹೋದಾಗ, “ಇರಲಿ ಬಿಡ್ರಿ, ನಾಯೀಗಿ ಸಿಟ್ಟು ಬಂದಿಲ್ಲ” ಎಂದರಂತೆ.

ಅವರದು ಇನ್ನೊಂದು ರೂಢಿಯಿತ್ತು. ಹಿಟ್ಟಿನ ಗಿರಣಿಯಿರಲಿ, ಕ್ರಿಸ್‌ಮಸ್ಸಿನ ಊಟವಿರಲಿ, ಅವರು ನಿಲ್ಲುತ್ತಿದ್ದುದು ಎಲ್ಲರ ಹಿಂದೆ. ಯಾರಾದರೂ ಮುಂದೆ ಕರೆದರೆ, “ಕಡೀ ಪಾಳಿ ನಂದ್ರಿ” ಎಂದು ಕೈ ಮುಗಿಯುವರು. ಅವರ ಸರದಿ ಬರುವಷ್ಟರಲ್ಲಿ ಪಲ್ಯ ಮುಗಿದು, ಬರೀ ಹಿಂಡಿ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿನ್ನಬೇಕಾಗುತ್ತಿತ್ತು. ಆಯಿಗೆ ಇದು ಸರಿಬೀಳುತ್ತಿರಲಿಲ್ಲ. “ಆಕೀದು ಹೊಟ್ಟಿನ ಸಣ್ಣದು” ಎಂದು ನಮಗೆ ಸಮಜಾಯಿಷಿ ಹೇಳುವಳು. ನಾನೊಮ್ಮೆ ನೇರ ಅವರನ್ನೇ ಕೇಳಿದೆ: “ಮಿಸ್ಸಮ್ಮಾ, ನೀವ್ಯಾಕ ಯಾವಾಗ್ಲೂ ಕಡೀಗೆ?”

“ನಮ್ಮ ಗುರು ಅಲ್ಲೇ ನಿಂತಿರ್ತಾನ್ರಿ,” ಎಂದರು ಅವರು, ಮೊಳದುದ್ದದ ಹುಡುಗಿಯಾದ ನನಗೂ ಗೌರವ ಕೊಟ್ಟು. “ನಾ ಮುಂದ ಹೋದ್ರ ತಪ್ಪಿಸ್ಕೊಂಡು ಬಿಡ್ತಾನ.”

ನಾನು ಹಿಂದೆ ತಿರುಗಿ ನೋಡಿದೆ. ಒಂದು ಆಡು ನಿಂತಿತ್ತು.

ಓಣಿಯ ಬಾವಿ ಮಿಶನ್ ಅಂಗಳದಲ್ಲಿತ್ತು. ನಮ್ಮೂರ ಕೆಂಪು ಕಲ್ಲಿನ ಕಟ್ಟೆ, ಹಗ್ಗ ತಿಕ್ಕಿ ತಿಕ್ಕಿ ಅದರ ಅಂಚಿನಲ್ಲಿ ಗೀರು ಬಿದ್ದಿತ್ತು. ಒಂದು ಬೇಸಗೆಯಲ್ಲಿ ಊರ ಹೊರಗಿನ ಕೇರಿಯಿಂದ ಒಂದು ಕುಟುಂಬ ದೀಕ್ಷಾಸ್ನಾನ ಪಡೆದು ನಮ್ಮ ಓಣಿಗೆ ಬಂತು. ಗಂಡ ಚಪ್ಪಲಿ ಹೊಲಿಯುವವನು, ಹೆಂಡತಿ ರೂತವ್ವ, ಕಂಕುಳಲ್ಲಿ ಒಂದು ಹೆಣ್ಣು ಕೂಸು. ಗುಡಿಯಲ್ಲಿ, ಎಂದರೆ ನಮ್ಮ ದೇವಾಲಯದಲ್ಲಿ, ಎಲ್ಲರೂ ಅವರಿಗೆ ಕೈ ಮುಗಿದು ಹಾಡಿದೆವು. ಮರುದಿನ ಬೆಳಿಗ್ಗೆ ರೂತವ್ವ ಮಣ್ಣಿನ ಕೊಡ ಹಿಡಿದು ಬಾವಿಗೆ ಬಂದಾಗ ಹಾಡಿದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು.

ಅವಳಿಗೂ ಅದು ಗೊತ್ತಿದ್ದ ರೀತಿಯೇ. ಕಟ್ಟೆಯಿಂದ ದೂರ ಕೊಡ ಇಟ್ಟು, ಯಾರಾದರೂ ಮೇಲಿನಿಂದ ನೀರು ಸುರಿಯಲೆಂದು ಕಾಯುತ್ತ ನಿಂತಳು. ಅಷ್ಟರಲ್ಲಿ ಮಿಸ್ಸಮ್ಮ ಬಂದರು. “ರೂತವ್ವಾರ, ನೀವು ಸೇದ್ರಿ. ನಿಮ್ಮ ಹಿಂದ ನಾ.” ತನ್ನ ಹೆಸರಿಗೆ ಯಾರೂ ಇಷ್ಟು ಗೌರವ ಹಚ್ಚಿದ್ದನ್ನು ಕೇಳಿರದ ರೂತವ್ವ, ಬೇರೆ ಯಾವ ರೂತವ್ವನನ್ನು ಕರೆದರೋ ಎಂದು ಹಿಂದೆ ನೋಡಿದಳು. ಆಮೇಲೆ ಹಗ್ಗ ಹಿಡಿದು ಸೇದಿದಳು. ಅದೇ ಹಗ್ಗ ಇಸಿದುಕೊಂಡು ಮಿಸ್ಸಮ್ಮ ಸೇದಿದರು.

ಅವರಿಬ್ಬರೂ ಆಚೆ ಹೋದದ್ದೇ ತಡ, ನಮ್ಮ ಆಯಿ ಮುಂದಾಗಿ ಹಗ್ಗಕ್ಕೆ ನೀರು ಸುರಿದು ತೊಳೆದಳು. ದಿನವೂ ಇದೇ ನಡೆಯಿತು. “ಸ್ವಚ್ಛ ಇರಬೇಕಲ್ಲವಾ” ಎನ್ನುವಳು, ಯಾರೂ ಕೇಳದಿದ್ದರೂ. ಆಯಿ ಕೆಟ್ಟವಳಲ್ಲ, ನಂಬಿ. ಹಸಿದವರನ್ನು ಬಾಗಿಲಿಂದ ಕಳಿಸಿದವಳಲ್ಲ. ದೇವರು ತನ್ನ ಎದೆಯನ್ನು ತೊಳೆದಿದ್ದಾನೆಂದು ಅವಳು ಮನಸಾರೆ ನಂಬಿದ್ದಳು. ಹಗ್ಗದ ಕೆಲಸವನ್ನಷ್ಟೇ ತನಗೆ ಬಿಟ್ಟಿದ್ದಾನೆಂದು ತಿಳಿದಿದ್ದಳು.

ಒಂದು ದಿನ ರೂತವ್ವ ಬಿಟ್ಟುಹೋದ ತಲೆಯ ಸಿಂಬಿಗೆಂದು ತಿರುಗಿ ಬಂದವಳು ಅದನ್ನು ಕಣ್ಣಾರೆ ಕಂಡಳು. ಕೂಗಾಡಲಿಲ್ಲ. ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಹೇಳಿದಳು: “ಬ್ಯಾಸಗಿ ಐತ್ರಿ ಸಾರವ್ವಾರ. ಹಗ್ಗ ತೊಳ್ಯಾಕ ನೀರು ಹಾಳು ಮಾಡಬ್ಯಾಡ್ರಿ. ಐತವಾರದ ತನ ನೋಡ್ತೇವಿ. ಆಮ್ಯಾಲ ನಮ್ಮ ಕೇರಿಗೆ ನಾವು ಹೋಗ್ತೇವಿ. ಹಳ್ಳದ ನೀರ ಕುಡದೇವು, ಖರೆ ನನ್ನ ಕೂಸಿನ ಕಣ್ಣ ಮುಂದ ಯಾರೂ ಹಗ್ಗ ತೊಳ್ಯಂಗಿಲ್ಲ.”

ಆಯಿಗೆ ಅಂದು ಊಟ ಸೇರಲಿಲ್ಲ. ಒಂದು ಕುಟುಂಬ ತನ್ನಿಂದಾಗಿ ಯೇಸುವನ್ನು ಬಿಟ್ಟು ಹೋದರೆ ಮಿಸ್ಸಮ್ಮನಿಗೆ ಯಾವ ಮುಖ ತೋರಿಸುವುದು? ಮೇಲಿರುವವನಿಗೆ ಯಾವ ಮುಖ? ಹಾಗೆಂದು ಹಗ್ಗ ತೊಳೆಯದೆ ಮುಟ್ಟಲು ಕೈ ಒಪ್ಪದು. ಮಧ್ಯಾಹ್ನವೆಲ್ಲ ಗೋಡೆಗೆ ಒರಗಿ ಕೂತಿದ್ದವಳು ಒಮ್ಮೆಲೆ ಎದ್ದು ಅಟ್ಟದ ಮೇಲಿನ ಪುಂಡಿನಾರನ್ನು ಕೆಳಗಿಳಿಸಿದಳು. ಬಾವಿಯ ಹಳೆ ಹಗ್ಗ ಸವೆದಿತ್ತು, ಅದನ್ನು ಬದಲಿಸಲೆಂದು ಕೂಡಿಟ್ಟ ನಾರು ಅದು. ಅಷ್ಟನ್ನೂ ಹೊಸೆದಳು. ಎಂಥ ಹಗ್ಗವಾಯಿತೆಂದರೆ, ಹಾವಿನಂತೆ ನುಣುಪು.

ಮರುದಿನ ಬಾವಿಯ ಬಳಿ ಎಲ್ಲರೆದುರು ಅದನ್ನು ಕೊಟ್ಟಳು. “ತಗೋ ರೂತವ್ವಾ, ನಿನಗಂತನ ಹೊಸೆದೇನಿ. ನಾವೆಲ್ಲಾ ಹಳೇದರಾಗ ಸೇದ್ತೇವಿ, ನಿನಗ ಹೊಸಾದು. ಇನ್ನ ಯಾರೂ ಯಾರ ಹಗ್ಗಾನೂ ತೊಳ್ಯೂದು ಬ್ಯಾಡ. ಆತಿಲ್ಲೋ?”

“ಹಗ್ಗ ಚಲೋ ಐತ್ರಿ” ಎಂದಳು ರೂತವ್ವ. ಅಷ್ಟೇ ಎಂದಳು.

ಆಯಿಯ ಮುಖ ಬೆಳಗುತ್ತಿತ್ತು. ತನಗೆ ಹಳೆಯದನ್ನು ಉಳಿಸಿಕೊಂಡು ಇನ್ನೊಬ್ಬರಿಗೆ ಹೊಸದನ್ನು ಕೊಡುವುದೆಂದರೆ ಸುಮ್ಮನೆಯೇ? ನನಗೂ ಆಯಿಯೇ ಊರಿಗೆಲ್ಲ ದೊಡ್ಡ ಭಕ್ತೆಯೆನಿಸಿದಳು. ಅಷ್ಟರಲ್ಲಿ ಮಿಸ್ಸಮ್ಮ ಬಂದು, ರೂತವ್ವನ ಹಿಂದೆ ನಿಂತು, ತಮ್ಮ ಪಾಳಿ ಬಂದಾಗ ಹೊಸ ಹಗ್ಗಕ್ಕೆ ಕೈ ಚಾಚಿದರು.

“ಅಯ್ಯ, ಅದು ರೂತವ್ವನ ಹಗ್ಗರಿ!” ಎಂದಳು ಆಯಿ.

“ಹೌದ್ರಿ. ಚಲೋ ಐತಿ.”

“ನಿಮಗ ನಮ್ಮ ಹಗ್ಗ ಇಲ್ಲೇನ್ರಿ?”

“ಐತ್ರಿ. ಆದ್ರ ಕಡೀ ಪಾಳಿಯವರದು ಇದಲ್ರಿ?”

ಆಯಿ ಮನೆಗೆ ಬಂದು ಅಂದು ರೊಟ್ಟಿ ಬಡಿದ ಸದ್ದು ಆಚೆಯೂರು ಗುಡೂರಿಗೂ ಕೇಳಿರಬೇಕು. “ಆಕೀಗಿ ಕನ್ನಡ ಕಲಿಸಿದ್ದ ತಪ್ಪಾತು ನಂದು” ಎಂದು ಹಿಟ್ಟಿಗೆ ಹೇಳಿದಳು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡಳು. ಒಲೆಯ ಹೊಗೆಯಿದ್ದೀತು ಎಂದು ಆಗ ತಿಳಿದಿದ್ದೆ.

ಶನಿವಾರ ಬಂತು. ರೂತವ್ವನ ಗಂಡ ಗಂಟು ಕಟ್ಟುತ್ತಿದ್ದಾನೆಂದು ಓಣಿಗೆಲ್ಲ ಗೊತ್ತಿತ್ತು. ಆಯಿ ತನ್ನ ತಾಮ್ರದ ಕೊಡವನ್ನು ಹಳೆ ಹಗ್ಗಕ್ಕೆ ಕಟ್ಟಿ ಬಾವಿಗೆ ಬಿಟ್ಟಳು. ಬೇವೂರಿನ ತವರಿನವರು ಮದುವೆಯಲ್ಲಿ ಕೊಟ್ಟ ಕೊಡ. ತವರಿನ ನೆನಪಿಗೆ ಅವಳ ಬಳಿ ಉಳಿದದ್ದು ಅದೊಂದೇ. ಅರ್ಧ ಸೇದಿದ್ದಳು, ಹಗ್ಗ ಪಟ್ಟನೆ ಹರಿಯಿತು. ಕೆಳಗೆ ಗುಳುಂ ಎಂಬ ಸದ್ದು. ಒಳ್ಳೆಯ ನಾರೆಲ್ಲ ದಾನಕ್ಕೆ ಹೋಗಿತ್ತು, ಹಳೆಯದು ಇನ್ನೆಷ್ಟು ತಡೆದೀತು? ಹರಿದ ತುದಿಯನ್ನು ಹಿಡಿದು ಆಯಿ ಕಟ್ಟೆಯ ಮೇಲೆ ಕೂತುಬಿಟ್ಟಳು.

ಕೊನೆಯ ಸಲ ನೀರಿಗೆ ಬಂದಿದ್ದ ರೂತವ್ವ ಅದನ್ನೆಲ್ಲ ನೋಡಿದಳು. ಕೂಸನ್ನು ಮಿಸ್ಸಮ್ಮನ ಕೈಗೆ ಕೊಟ್ಟು, ಬಾವಿಗೆ ಬಿದ್ದ ಕೊಡಗಳನ್ನು ಹುಡುಕುವ ಕೊಕ್ಕೆಗಳ ಗೊಂಚಲು, ನಮ್ಮ ಪಾತಾಳಗರಡಿಯನ್ನು, ಹೊಸ ಹಗ್ಗಕ್ಕೆ ಬಿಗಿದು ಕೆಳಗಿಳಿಸಿದಳು. ಕಟ್ಟೆಗೆ ಎದೆಯೊತ್ತಿ ಬಗ್ಗಿ ಆಚೆ ಈಚೆ ಜಾಲಾಡಿದಳು.

“ನಿಮ್ಮ ಕೊಡಾನೂ ನಿಮ್ಮಂಗ ಹಠಮಾರಿ ಐತ್ರಿ ಸಾರವ್ವಾರ. ಕೊಕ್ಕಿಗಿ ಕೊಳ್ಳ ಕೊಡವಲ್ದು.”

ಯಾರೋ ಕಿಸಕ್ಕೆಂದರು. ಆಯಿ ನಗಲಿಲ್ಲ. ಕೊನೆಗೆ ಕೊಕ್ಕೆಗೆ ಕೊಡ ಸಿಕ್ಕಿತು. ರೂತವ್ವ ಮೇಲೆ ಸೇದಿ, ಎರಡೂ ಕೈಯಿಂದ ಎತ್ತಿ, ತುಂಬಿದ ಕೊಡವನ್ನು ಕೆಂಪು ಕಲ್ಲಿನ ಮೇಲಿಟ್ಟಳು. ಇಟ್ಟವಳೇ, ರೂಢಿಯಂತೆ, ದೂರ ಸರಿದು ನಿಂತಳು.

ಅವಳು ಮುಟ್ಟಿದ ಲೋಹದ ಪಾತ್ರೆಯನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಬೇಕು. ಅದು ಎಲ್ಲರಿಗೂ ಗೊತ್ತು, ರೂತವ್ವನಿಗೂ. ಪಕ್ಕದ ಮನೆಯಾಕೆ ಮೆಲ್ಲಗೆ, “ಹುಣಸೀಹಣ್ಣ ತರ್ಲೇನ ಸಾರವ್ವಾ?” ಎಂದಳು.

ಆಯಿ ಕೊಡ ನೋಡಿದಳು. ಮಿಸ್ಸಮ್ಮ ಏನಾದರೂ ಹೇಳಿಯಾರೆಂದು ನಾನು ಕಾದೆ. ಅವರು ಕೂಸಿಗೆ ಬಾವಿಯ ಮೇಲಿನ ಗುಬ್ಬಿಯನ್ನು ತೋರಿಸುತ್ತ, “ನೋಡ್ರಿ, ಗುಬ್ಬಿ ನೋಡ್ರಿ” ಎನ್ನುತ್ತಿದ್ದರು.

“ಹುಣಸೀಹಣ್ಣ ಸಾರಿಗಿಡು” ಎಂದಳು ಆಯಿ. ಎದ್ದು ರೂತವ್ವನ ಮುಂದೆ ಹೋಗಿ ನಿಂತಳು. ಸೊಂಟ ಬಗ್ಗಿಸಿ, ಎರಡೂ ಕೈ ಕೂಡಿಸಿ ಬೊಗಸೆ ಒಡ್ಡಿದಳು. “ಬಾಯಾರೇತಿ ರೂತವ್ವಾ. ನೀರ ಹಾಕು.”

ಅಲ್ಲಿಯವರೆಗೂ ಬೊಗಸೆ ಒಡ್ಡಿ ಬದುಕಿದವಳು ರೂತವ್ವ. ಎದುರಿನವರ ಬೊಗಸೆಗೆ ನೀರು ಸುರಿಯುವುದು ಹೇಗೆಂದೇ ಅವಳಿಗೆ ತಿಳಿಯಲಿಲ್ಲ. ಕೊಡ ಬಗ್ಗಿಸಿದಳು, ನೀರು ಬೊಗಸೆ ತುಂಬಿ ಆಯಿಯ ಮೊಣಕೈಗಿಳಿದು ಸೀರೆ ತೋಯಿಸಿತು. ಆಯಿ ಕುಡಿದಳು. ಇನ್ನಷ್ಟು ಹಾಕೆಂದು ಬೊಗಸೆ ಎತ್ತಿ ಮತ್ತೆ ಕುಡಿದಳು. ಆಮೇಲೆ ಸೆರಗಿನಿಂದ ಬಾಯೊರೆಸಿಕೊಂಡು, “ಈಗ ನೀ ತುಂಬ್ಕೋ. ನಿನ್ನ ಹಿಂದ ಮಿಸ್ಸಮ್ಮ. ಕಡೀ ಪಾಳಿ ನಂದು” ಎಂದಳು.

“ಕಡೀ ಪಾಳಿ ನಂದ್ರಿ” ಎಂದರು ಮಿಸ್ಸಮ್ಮ.

“ಇಷ್ಟು ವರ್ಷ ನಿಮ್ಮದಾತು. ಇನ್ನ ಬಿಡ್ರಿ.”

“ಬಿಡಂಗಿಲ್ರಿ.”

“ಗುರು ಅಂದ್ರ ನಿಮಗೊಬ್ಬರಿಗೇ ಗುರು ಏನ್ರಿ?”

“ಬಡದಾಡ್ರಿ ಇಬ್ರೂ,” ಎಂದಳು ರೂತವ್ವ ಹಗ್ಗ ಬಿಡುತ್ತ. “ಅಷ್ಟರಾಗ ನನ್ನ ಕೊಡಾ ತುಂಬತೈತಿ.” ಅವಳು ಅಳುತ್ತಲೇ ನಕ್ಕದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಅವರು ಗಂಟು ಬಿಚ್ಚಿದರು. ಓಣಿಯವರೆಲ್ಲ ಒಂದೇ ದಿನಕ್ಕೆ ಬದಲಾದರು ಎಂದರೆ ಸುಳ್ಳಾದೀತು. ಕೆಲವರು ಬಹಳ ಕಾಲ ದೂರದ ಬಾವಿಗೆ ನಡೆದರು. ಬೇಸಗೆ ಹೆಚ್ಚಿದಂತೆ ಕಾಲು ಸೋತು ತಿರುಗಿ ಬಂದರು. ದೇವರು ಬಿಸಿಲಿನಿಂದಲೂ ಕೆಲಸ ಮಾಡಿಸುತ್ತಾನೆ. ಬಾವಿಯಲ್ಲಿ ಇದ್ದದ್ದು ಒಂದೇ ಹಗ್ಗ.

ಆ ದಶಕ ಮುಗಿಯುವ ಮುಂಚೆ ವಯಸ್ಸಾಯಿತೆಂದು ಮಿಸ್ಸಮ್ಮನನ್ನು ಅವರ ದೇಶಕ್ಕೆ ಕರೆಸಿಕೊಂಡರು. ಬಾಗಲಕೋಟೆಯ ಸ್ಟೇಶನ್ನಿಗೆ ಓಣಿಗೆ ಓಣಿಯೇ ಹೋಗಿತ್ತು. ಅಲ್ಲಿಯೂ ಅವರು ಬುಟ್ಟಿಯವರು, ಕೂಸಿನವರು, ಮುದುಕರು ಎಲ್ಲರನ್ನೂ ಹತ್ತಿಸುತ್ತ ಕೆಳಗೇ ನಿಂತರು. “ಹತ್ರಿ ಅಮ್ಮಾರ, ಗಾಡಿ ನಿಮ್ಮ ಮಾತ ಕೇಳಂಗಿಲ್ಲ!” ಎಂದು ಹಮಾಲ ಗದರಿದ. ಆಯಿ, ರೂತವ್ವ ಒಂದೊಂದು ರಟ್ಟೆ ಹಿಡಿದು ಅವರನ್ನು ಒಳಗೆ ದೂಡಿದರು. ಶಿಷ್ಯರಾಗುವುದು ಎಂಬ ವಿಷಯದ ಮೇಲೆ ಗುಡಿಯಲ್ಲಿ ಎಷ್ಟೋ ಉಪದೇಶಗಳನ್ನು ಕೇಳಿದ್ದೇನೆ, ಎಲ್ಲವೂ ಒಳ್ಳೆಯವೇ. ನನಗೆ ಮಾತ್ರ ಆ ಮಾತು ಕೇಳಿದಾಗಲೆಲ್ಲ ಪಾಳಿಯ ತುದಿಯಲ್ಲಿ ಕೊಡ ಹಿಡಿದು ನಿಂತ ಆ ಮುದುಕಿಯ ಬೆನ್ನೇ ಕಾಣುತ್ತದೆ. ಅಂಥವರನ್ನು ಕಂಡ ಕಣ್ಣು ಕೊಟ್ಟದ್ದಕ್ಕೆ ಎಷ್ಟು ಬೆರಳು ಮಡಿಚಿದರೂ ಕಡಿಮೆಯೇ.

“ಅತ್ತೀ, ಚಹಾ ಆರತೈತಿ” ಎಂದು ಸೊಸೆ ಕೂಗಿದಳು. ಚೀಲವನ್ನು ತಂತಿಗೆ ಹಾಕಿ ಒಳಗೆ ಬಂದೆ. ಕಿಟಕಿಯ ಕಟ್ಟೆಯ ಮೇಲೆ ಹೂವಿನ ಕಪ್ಪು ಕೂತಿತ್ತು. ಹೊಸದು. ನಮ್ಮವುಗಳಿಗಿಂತ ಚೆಂದದ್ದು. ಮಲ್ಲವ್ವನಿಗಂತಲೇ ತಂದದ್ದು.

ಆಯಿಯ ಮೊಮ್ಮಗಳು ನಾನು, ಸುಳ್ಳಲ್ಲ. ಒಬ್ಬಳೇ ನಕ್ಕೆ.

ಸೊಸೆಗೆ ಒಂದು ಕಪ್ಪು ಕೊಟ್ಟೆ. ನಾನು ದಿನಾ ಕುಡಿಯುವ ಕಪ್ಪಿಗೆ ಚಹಾ ಬಗ್ಗಿಸಿ ಮಲ್ಲವ್ವನ ಕೈಗಿಟ್ಟೆ. ಪಾತ್ರೆಯಲ್ಲಿ ಉಳಿದದ್ದನ್ನು ಹೂವಿನ ಕಪ್ಪಿಗೆ ಸುರಿದುಕೊಂಡು ಅವಳ ಪಕ್ಕದಲ್ಲೇ ಅಂಗಳದ ಕಟ್ಟೆಯ ಮೇಲೆ ಕೂತೆ.

“ಅಯ್ಯ ಅಮ್ಮಾರ, ಅದು ನನ್ನ ಕಪ್ಪರಿ!” ಎಂದಳು ಮಲ್ಲವ್ವ.

“ಹೌದ್ರಿ” ಎಂದೆ. “ಚಲೋ ಐತಿ.”

ಅವಳು ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದಳು. ಚಹಾ ಆರಿ ಹೋಗಿತ್ತು, ತಳದ ಪುಡಿ ಬಾಯಿಗೆ ಬಂತು. ಕಡೀ ಪಾಳಿಯ ಚಹಾ ಹಾಗೆಯೇ ಇರುತ್ತದೆ.