ಬಾಗಿಲ ಮೇಲಿನ ನೂರು ಮನೆ

ಮೊಮ್ಮಗಳು ಪುಸ್ತಕದ ನೂರು ಚೌಕಗಳಿಗೆ ಅಂಕಿ ತುಂಬುತ್ತಿದ್ದಾಳೆ. ನನಗೆ ಸೀಮೆಸುಣ್ಣದ ವಾಸನೆ ಬರುತ್ತಿದೆ.

ನಾನು ಚಿಕ್ಕವಳಿದ್ದಾಗ ಗೆಟ್ಟವಾಡಿಯ ನಮ್ಮ ಬಾಗಿಲ ಹಲಗೆಯ ಮೇಲೆ ಅಪ್ಪ ಮಚ್ಚಿನ ತುದಿಯಿಂದ ಸಾಲಿಗೆ ಹತ್ತರಂತೆ ನೂರು ಮನೆ ಕೊರೆದಿದ್ದ. ಹಾಸನೂರಿನ ಕಾಡಿಗೆ ಬಿದಿರು ಕಡಿಯಲು ಹೊರಟವನು, "ದಿನಕ್ಕೊಂದು ಮನೆ ತುಂಬು ಕಣವ್ವ. ನೂರಾಗೋ ಒತ್ಗೆ ಬಂದ್ಬುಡ್ತೀನಿ," ಅಂದಿದ್ದ. ಅವ್ವ ತೀರಿಹೋಗಿದ್ದಳು. ಬೆಳಿಗ್ಗೆಯೇ ಅಜ್ಜಿ ಹೊಲಕ್ಕೆ ಹೋದರೆ ಒಳಗೆ ನಾನೊಬ್ಬಳೇ.

ಹನ್ನೆರಡನೆಯ ದಿನ ಗುಟ್ಟು ಹೊಳೆಯಿತು. ಎರಡರ ಕೆಳಗೆ ಹನ್ನೆರಡು ಬಂದಿತ್ತು. ಹಾಗಾದರೆ ಅದರ ಕೆಳಗೆ ಇಪ್ಪತ್ತೆರಡು, ಆಮೇಲೆ ಮೂವತ್ತೆರಡು! ಮಧ್ಯಾಹ್ನದೊಳಗೆ ಸೀಮೆಸುಣ್ಣದಲ್ಲಿ ನೂರೂ ಮನೆ ತುಂಬಿಸಿ, ಮುಖ ತೊಳೆದು, ತಲೆ ಬಾಚಿ, ಹೊಸ್ತಿಲ ಮೇಲೆ ಕುಳಿತೆ.

ಸಂಜೆ ಬಂದವಳು ಅಜ್ಜಿ. ಬಾಗಿಲು ನೋಡಿ, "ಬರೀ ಮನೆ ತುಂಬ್ಬುಟ್ರೆ ಆದದಾ ಕೂಸೆ? ದಿನಾನೂ ತುಂಬ್ಬೇಡ್ವಾ?" ಎಂದಳು. ಸೆರಗು ಒದ್ದೆ ಮಾಡಿಕೊಂಡು ನೂರರಿಂದ ಹಿಂದಕ್ಕೆ ಒರೆಸತೊಡಗಿದಳು. ಒಂದೊಂದು ಅಂಕಿ ಅಳಿದಂತೆ ಅಪ್ಪ ಅಷ್ಟಷ್ಟು ದೂರ ಹೋದ. ಹನ್ನೆರಡಕ್ಕೆ ಬಂದು ಅವಳ ಕೈ ನಿಂತಿತು.

"ಅಜ್ಜೀ, ನೂರಾಯ್ತು!" ಮೊಮ್ಮಗಳು ಕೂಗಿದಳು.

ನಾನು ಬಾಗಿಲ ಕಡೆ ನೋಡಿದೆ.